ಬ್ಯಾಟ್ ಬಿಟ್ಟು ಓಡಬೇಕು

ಸೂರತ್ತಿನಲ್ಲಿ ಸಂಬಳ ಕೊಟ್ಟು ಬೇಸ್‌ಬಾಲ್ ಆಡಿಸಿದ ತಂಡವೊಂದಿತ್ತು ಎಂದರೆ ಈಗ ಯಾರೂ ನಂಬುವುದಿಲ್ಲ. ಇತ್ತು. ಒಂದೇ ಒಂದು ಚಳಿಗಾಲ ಬದುಕಿತ್ತು. ಅದರ ಕೋಚ್ ನಾನೇ, ಅದನ್ನು ಮುಗಿಸಿದವಳೂ ನಾನೇ.

ತಂಡ ಕಟ್ಟಿದವರು ಸೂರತ್ತಿನದೇ ಕತಾರ್‌ಗಾಮ್‌ನ ಒಬ್ಬ ವಜ್ರದ ವ್ಯಾಪಾರಿ, ನಮ್ಮೆಲ್ಲರ ಬಾಯಲ್ಲಿ ಶೇಠ್. ಟೀಮ್ ಮಾಲೀಕ ಅನ್ನಿಸಿಕೊಳ್ಳುವ ಆಸೆ ಅವರಿಗೆ. ಕ್ರಿಕೆಟ್ ತಂಡ ಕೊಳ್ಳುವಷ್ಟು ದೊಡ್ಡ ಕುಳವಲ್ಲ. ಹಾಗಾಗಿ ಅಹಮದಾಬಾದ್, ವಡೋದರಾದ ತಮ್ಮಂಥ ಇನ್ನಿಬ್ಬರನ್ನು ಹುರಿದುಂಬಿಸಿ, ಯಾವ ಸಂಘದ ಅಪ್ಪಣೆಯನ್ನೂ ಕೇಳದೆ ಮೂರು ತಂಡಗಳ ಲೀಗ್ ಶುರು ಮಾಡಿದರು. ಎಷ್ಟು ಕೆಟ್ಟದಾಗಿ ಆಡಿದರೂ ಮೂರನೇ ಸ್ಥಾನ ಖಾತ್ರಿ.

ನಾನು ವಡೋದರಾದ ಮಂಜಲ್‌ಪುರದ ಮನೆಯಿಂದ ಸೂರತ್ತಿನ ಬ್ಯಾಂಕಿಗೆ ದಿನಾ ರೈಲಿನಲ್ಲಿ ಅಪ್‌ಡೌನ್ ಮಾಡುತ್ತಿದ್ದೆ. ದಾವಣಗೆರೆಯ ಕಾಲೇಜಿನಲ್ಲಿ ಸಾಫ್ಟ್‌ಬಾಲ್ ಆಡಿದ್ದೆ ಎಂದು ಕೌಂಟರಿನಲ್ಲಿ ಬಾಯಿತಪ್ಪಿ ಹೇಳಿದ್ದೇ ತಡ, ಶೇಠ್ ನನ್ನನ್ನು ಕೋಚ್ ಮಾಡಿಬಿಟ್ಟರು. ಮದುವೆಯಾದ ಮೇಲೆ ಮುಟ್ಟದ ಆಟ. ಆಟಗಾರರು “ಕೋಚ್‌ಬೆನ್” ಎಂದು, ಅಂದರೆ ಕೋಚಕ್ಕ ಎಂದು, ಕರೆದ ಮೊದಲ ಭಾನುವಾರ ಮನೆ ಮುಟ್ಟುವವರೆಗೂ ಒಬ್ಬಳೇ ನಗುತ್ತ ಬಂದೆ.

ಆಟಗಾರರೆಲ್ಲ ವಜ್ರಕ್ಕೆ ಪಾಲಿಶ್ ಮಾಡುವವರು. ಕಣ್ಣು ಬಲು ಚುರುಕು, ಚೆಂಡು ತಪ್ಪುತ್ತಿರಲಿಲ್ಲ. ತೊಂದರೆ ಬೇರೆಯದು. ಬೇಸ್‌ಬಾಲಿನಲ್ಲಿ ಹೊಡೆದವನು ಬ್ಯಾಟ್ ಬಿಟ್ಟು ಓಡಬೇಕು, ಕಾಲನ್ನೋ ಕೈಯನ್ನೋ ಬೇಸಿಗೆ ತಾಗಿಸಬೇಕು. ಗಲ್ಲಿ ಕ್ರಿಕೆಟ್ಟಿನಲ್ಲಿ ಬೆಳೆದ ಇವರು ಬ್ಯಾಟ್ ಹಿಡಿದೇ ಓಡಿ, ಬೇಸಿನ ಮೇಲೆ ಅದನ್ನು ಚಾಚಿ ಊರಿ, ಗೆದ್ದವರಂತೆ ನಿಲ್ಲುತ್ತಿದ್ದರು. ಔಟ್!

“ಬ್ಯಾಟೇನು ನಿಮ್ಮಪ್ಪನ ಆಸ್ತೀನಾ? ಬಿಡ್ರೋ!” ಎಂದು ಕನ್ನಡದಲ್ಲೇ ಕೂಗುತ್ತಿದ್ದೆ. ಭಾಷೆ ತಿಳಿಯದಿದ್ದರೂ ಬೈಗುಳ ತಿಳಿಯುತ್ತಿತ್ತು. ಕೊನೆಗೆ ಒಂದು ಕಾನೂನು ಮಾಡಿದೆ: ಬ್ಯಾಟಿನಿಂದ ಔಟಾದವನು ಎಲ್ಲರ ಚೀಲ ಹೊರಬೇಕು. ಇದು ಶೇಠ್‌ಗೆ ಎಷ್ಟು ಹಿಡಿಸಿತೆಂದರೆ, ಚೀಲ ಹೊರುವುದನ್ನು ನೋಡಲೆಂದೇ ಭಾನುವಾರ ಬರುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಹೊತ್ತವನು ನಮ್ಮ ಕ್ಯಾಪ್ಟನ್, ಇಬ್ಬರು ಮಕ್ಕಳ ತಂದೆ. ಕೊನೆಗೂ ಅವನೂ ಕಲಿತ.

ಕೊನೆಯ ಪಂದ್ಯ ಅಹಮದಾಬಾದಿನಲ್ಲಿ. ಸೋತರೆ ತಂಡ ಮುಚ್ಚುತ್ತೇನೆ, ಇಲ್ಲವಾದರೆ ಇನ್ನೊಂದು ವರ್ಷ ನಡೆಸುತ್ತೇನೆ ಎಂದು ಶೇಠ್ ಹೇಳಿಬಿಟ್ಟಿದ್ದರು. ನನಗೋ ಆ ಭಾನುವಾರಗಳನ್ನು ಬಿಟ್ಟುಕೊಡುವ ಮನಸ್ಸೇ ಇರಲಿಲ್ಲ.

ಕೊನೆಯ ಸರದಿ. ಒಂದು ರನ್ ಬಂದರೆ ಸಮ, ಒಂದು ಔಟಾದರೆ ಸೋಲು. ಕ್ಯಾಪ್ಟನ್ ಚೆಂಡನ್ನು ಗೋಡೆಯವರೆಗೆ ಅಟ್ಟಿದ. ಜಾಣ, ಬ್ಯಾಟನ್ನು ಅಲ್ಲೇ ಬಿಟ್ಟು ಓಡಿದ. ಮೂರು ಬೇಸು ಸುತ್ತಿ, ಹೊಡೆದ ಜಾಗಕ್ಕೇ ವಾಪಸ್ ಬರುತ್ತಿದ್ದಾನೆ. ಚೆಂಡೂ ಬರುತ್ತಿದೆ. ಇನ್ನು ನಾಲ್ಕು ಹೆಜ್ಜೆ. ಹುಟ್ಟುಗುಣ ಸುಟ್ಟರೂ ಹೋಗದು; ಅಣ್ಣಂದಿರ ಜೊತೆ ಬೀದಿಯಲ್ಲಿ ಕ್ರಿಕೆಟ್ ಆಡಿ ಬೆಳೆದ ನನ್ನ ಗಂಟಲು ತಾನಾಗಿಯೇ ಕಿರುಚಿತು: “ಬ್ಯಾಟ್ ರಖೋ! ಬ್ಯಾಟ್ ರಖೋ!” ಬ್ಯಾಟ್ ಊರು ಎಂದು.

ಅವನು ವಿಧೇಯ. ಪಕ್ಕದಲ್ಲೇ ಬಿದ್ದಿದ್ದ ಬ್ಯಾಟನ್ನು ಬಗ್ಗಿ ಎತ್ತಿಕೊಂಡ. ಅದನ್ನು ಬೇಸಿನ ಮೇಲೆ ಅಚ್ಚುಕಟ್ಟಾಗಿ ಊರಿ, ಸರಿಯಾ ಎಂಬಂತೆ ನನ್ನ ಮುಖ ನೋಡಿದ. ಎದುರಾಳಿ ಚೆಂಡನ್ನು ಅವನ ಬೆನ್ನಿಗೆ ಮುಟ್ಟಿಸಿದ. ಔಟ್!

ಶೇಠ್ ಓಡಿ ಬಂದರು. “ಬ್ಯಾಟ್ ಯಾಕೆ ಎತ್ತಿದೆ?”

“ಹಳೇ ಚಾಳಿ, ಶೇಠ್. ಮರೆತೆ,” ಎಂದ ಕ್ಯಾಪ್ಟನ್. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಅವನು ಚೀಲಗಳನ್ನು ಹೆಗಲಿಗೇರಿಸತೊಡಗಿದ. ತಡೆಯಲಾಗಲಿಲ್ಲ. ಹೋಗಿ ಒಂದೊಂದಾಗಿ ಇಳಿಸಿ ನನ್ನ ಹೆಗಲಿಗೆ ಹಾಕಿಕೊಂಡೆ.

“ಬೇಡ ಕೋಚ್‌ಬೆನ್,” ಎಂದು ಪಿಸುಗುಟ್ಟಿದ. “ಶೇಠ್ ಮತ್ತೆ ಟೀಮ್ ಕಟ್ಟಿದ್ರೆ ಆಟಗಾರರು ಸಿಗ್ತಾರೆ. ಕೋಚ್ ಎಲ್ಲಿ ಸಿಗ್ತಾರೆ?”

“ನೀವ್ಯಾಕೆ ಹೊರ್ತಿದೀರಿ, ಬೆನ್?” ಎಂದರು ಶೇಠ್.

“ಕಾನೂನು, ಶೇಠ್,” ಎಂದೆ. ಬಸ್ಸಿನವರೆಗೆ ಎರಡು ಸಲ ಓಡಾಡಬೇಕಾಯಿತು.