ಎರಡನೆಯ ಗೀರು

ಈ ಸೀಳಿದ ಗುಂಬಕ್ಕೆ ಮೂರು ರೂಪಾಯಿ ಕೊಟ್ಟೆ. ಬಂಡಿಗಾಲಿಯ ನಡುವೆ ಕೂರುವ ದಿಮ್ಮಿ ಅದು. ಹೊಸಪೇಟೆಯ ಸೌದೆ ಅಡ್ಡೆಯಲ್ಲಿ ಎಂಟಾಣೆಗೂ ಯಾರೂ ಒಯ್ಯದ ಮಾಲು. ಚೌಕಾಸಿ ಮಾಡದೆ ಕೊತ್ತಂಬರಿಯನ್ನೂ ಕೊಳ್ಳದ ನಾನು ಅಂದು ಕೇಳಿದಷ್ಟನ್ನು ಎಣಿಸಿಕೊಟ್ಟೆ. ಮಳೆಗೆ ನೆನೆದು ಜಾಲಿಯ ಒಗರು ವಾಸನೆ ಎದ್ದಿತ್ತು. ತುದಿಯಲ್ಲಿ ಎರಡು ಉಳಿಗೀರು. ಒಂದು ಬಡಿಗೇರಜ್ಜನದು, ಇನ್ನೊಂದು...

ನಮ್ಮ ಸೀಮೆ ಮದರಾಸು ಸರ್ಕಾರದ ಕೈಯಲ್ಲಿದ್ದ ಕಾಲ. ಸಂಡೂರು ಗುಡ್ಡದಿಂದ ಕಂಪ್ಲಿಯ ಹೊಳೆದಂಡೆಯವರೆಗೆ ಮರ ಹಿಡಿದು ಮಾರುತ್ತಿದ್ದೆ. ಕಂಪ್ಲಿಯ ಬಡಿಗೇರಜ್ಜ ನನ್ನ ದೊಡ್ಡ ಗಿರಾಕಿ. ಬಂಡಿಯ ಅಚ್ಚಿಗೆ ಗುಡ್ಡದ ದಿಂಡಿಗ, ಗುಂಬಕ್ಕೆ ಎರೆಹೊಲದ ಜಾಲಿ, ಉಳಿ ಬಡಿಯುವ ಕೊಡತಿಗೆ ಹುಣಸೆ. ಬೇರೆ ಮರ ಮುಟ್ಟುತ್ತಿರಲಿಲ್ಲ. ಹುಣಸೆ ಆಫ್ರಿಕಾದಿಂದ ಬಂದದ್ದಂತೆ ಎಂದು ನಾನು ಜಂಬದಿಂದ ಹೇಳಿದಾಗ ನಕ್ಕಿದ್ದ.

“ಬಂದಿದ್ರ ಬಂದಿರ್ಲಿ. ನಿಮ್ಮಪ್ಪನೂ ಆದೋನಿಯಿಂದ ಬಂದಾನ. ಇಬ್ರೂ ಇಲ್ಲೇ ಬೇರು ಬಿಟ್ಟಾರ.”

ಮುಂದೆ ಸೀಳದಂತೆ ಹದವಾಗಲೆಂದು ಜಾಲಿಯ ದಿಮ್ಮಿಯನ್ನು ಅವನು ಕಾಲುವೆಯ ಪಕ್ಕದ ಕೆಸರು ಹೊಂಡದಲ್ಲಿ ಎರಡು ಮಳೆಗಾಲ ಹೂಳಿಡುತ್ತಿದ್ದ. ಒಂದು ಮಳೆಗಾಲಕ್ಕೆ ಒಂದು ಗೀರು. ಗಾಲಿಯಾದ ಮೇಲೂ ಅದನ್ನು ಅಳಿಸುತ್ತಿರಲಿಲ್ಲ; ಅದೇ ಅವನ ಮುದ್ರೆ. ಕಣ್ಣು ಮಂಜಾದ ಮೇಲೆ ಗೀರುಗಳನ್ನು ಬೆರಳಿನಿಂದ ಎಣಿಸುತ್ತಿದ್ದ.

ಆ ವರ್ಷ ಕಬ್ಬು ಕಡಿಯುವ ಹೊತ್ತಿಗೆ ಅಜ್ಜನಿಂದ ಗಾಲಿ ಮಾಡಿಸಿಕೊಡುತ್ತೇನೆಂದು ನಾನು ಊರೆಲ್ಲ ಮಾತು ಕೊಟ್ಟುಬಿಟ್ಟಿದ್ದೆ. ಹೊಂಡದಲ್ಲಿದ್ದವು ಒಂದೇ ಮಳೆಗಾಲ ಕಂಡ ದಿಮ್ಮಿಗಳು. ಅಜ್ಜ ಮಗಳನ್ನು ನೋಡಲು ಅವಳ ಊರು ವಡ್ಡಿಗೆ ಹೋದ ದಿನ ಕೆಸರಿಗಿಳಿದು ಒಂದಕ್ಕೆ ಎರಡನೆಯ ಗೀರು ಹಾಕಿದೆ.

ಬಂದವನು ಗೀರು ತಡವಿದ. ದಿಮ್ಮಿಯನ್ನು ಮೂಸಿದ.

“ಲೇ ಸಾವ್ಕಾರ, ಹಸಿ ವಾಸನಿ ಬರ್ತೈತಲ್ಲೋ.”

“ಮೂಗಿಗೂ ವಯಸ್ಸಾತು ಬಿಡಜ್ಜ.”

ಮತ್ತೆ ಮೂಸಿದ. ಮತ್ತೆ ಗೀರು ತಡವಿದ. ಕೊನೆಗೆ ಬೆರಳನ್ನೇ ನಂಬಿದ.

ಕಬ್ಬು ಹೇರಿದ ಮೂರನೆಯ ದಿನ ಗುಂಬ ಸೀಳಿತು. ಯಾರಿಗೂ ಪೆಟ್ಟಾಗಲಿಲ್ಲ. ಅಜ್ಜ ಸೀಳಿನೊಳಗೆ ಬೆರಳಿಟ್ಟು ಉದ್ದಕ್ಕೂ ತಡವಿದ. “ಎರಡು ಮಳಿ ಕಂಡ ಜಾಲಿ ಸೀಳಂಗಿಲ್ಲ. ನನ್ನ ಕೈನಽ ಕೆಟ್ಟೈತಿ” ಎಂದ. ಆಗ ಹೇಳಬಹುದಿತ್ತು. ನಾನು ಬಂಡಿಯವನ ಜೊತೆ ಬೇರೆ ಗಾಲಿಯ ಮಾತು ಆಡುತ್ತ ನಿಂತೆ. ಆಮೇಲೆ ಅಜ್ಜ ಮರ ಕೆತ್ತುವ ಬಾಚಿಯನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಹಬ್ಬ ಕಳೆಯಲಿ ಹೇಳೋಣ, ಬಿತ್ತನೆ ಮುಗಿಯಲಿ ಹೇಳೋಣ ಅಂದುಕೊಳ್ಳುತ್ತಲೇ ಇದ್ದೆ... ಒಂದು ದಿನ ಅಜ್ಜನೇ ಇಲ್ಲವಾದ.

ಸೌದೆ ಅಡ್ಡೆಯಿಂದ ತಂದ ಗುಂಬವನ್ನು ಪಡಸಾಲೆಯಲ್ಲಿಟ್ಟೆ, ಹಿತ್ತಲಿಗೆ ಒಯ್ದೆ, ಮತ್ತೆ ಒಳಗೆ ತಂದೆ. ಎಲ್ಲಿಟ್ಟರೂ ವಾಸನೆ ಬರುತ್ತದೆ.

ಮರ ಕೊಳ್ಳುವವರು ಗುರುತು ನೋಡಿ ಕೊಳ್ಳಬೇಡಿ. ಒಂದು ಚೂರು ಕೆತ್ತಿಸಿ ಮೂಗಿಗೆ ಹಿಡಿಯಿರಿ. ಹಸಿ ಅನಿಸಿದರೆ ಇನ್ನೊಂದು ಮಳೆಗಾಲ ಕಾಯಿರಿ. ನನ್ನ ಹಾಗೆ ಯಾರದಾದರೂ ಮೂಗನ್ನು ಸುಳ್ಳು ಮಾಡಿದ್ದರೆ ಇವತ್ತೇ ಅವರ ಮನೆಗೆ ಹೋಗಿ, ಬಾಗಿಲು ತೆಗೆಯಲು ಅವರು ಇರುವಾಗಲೇ.