ವಾರಕ್ಕೊಂದು ಸುಳ್ಳಿನ ಟೀಚರಮ್ಮ

ನನ್ನ ಸೊಸೆ ಹೈಸ್ಕೂಲಿನಲ್ಲಿ ಪೌರನೀತಿ ಪಾಠ ಮಾಡುತ್ತಾಳೆ. ಅನುಮಾನ ಅವಳ ಹುಟ್ಟುಗುಣ. ನಾನು ಪ್ರಾಯದಲ್ಲಿ ಮೊಸಳೆಯ ಬೆನ್ನೇರಿ ಹೊಳೆ ದಾಟಿದ್ದನ್ನು ಬೀದಿಯೆಲ್ಲ ನಂಬಿತು. ಇವಳು ಮಾತ್ರ, "ಮಾವ, ನೋಡಿದೋರು ಯಾರು?" ಎಂದಳು.

"ಮೊಸಳೆಯೇ ನೋಡಿತಲ್ಲಮ್ಮ."

"ಹಾಗಾದ್ರೆ ಅದನ್ನೇ ಕರೆಸಿ."

ಇಂಥವಳ ಜೊತೆ ಮಗ ಹೇಗೆ ಬಾಳುತ್ತಾನೋ. ಇರಲಿ, ಹೇಳಹೊರಟದ್ದು ಬೇರೆ. ತರಗತಿಯಲ್ಲಿ ಅವಳದೊಂದು ಪದ್ಧತಿ: ವಾರಕ್ಕೊಮ್ಮೆ ಪಾಠದ ನಡುವೆ ಒಂದು ಸುಳ್ಳನ್ನು ನಯವಾಗಿ ಸೇರಿಸುತ್ತಾಳೆ. ಮಕ್ಕಳು ಅದನ್ನು ಹಿಡಿದು, ಸುಳ್ಳು ಹೇಗೆಂದು ತೋರಿಸಬೇಕು. ಫೋನಿಗೆ ಬಂದದ್ದನ್ನೆಲ್ಲ ನುಂಗುತ್ತಿದ್ದ ಮಕ್ಕಳು ಮೂಸಿ ನೋಡುವುದನ್ನು ಕಲಿತರು. ಕಲಿತದ್ದು ಸ್ವಲ್ಪ ಹೆಚ್ಚೇ ಆಯಿತು.

ಒಂದು ಬೆಳಗ್ಗೆ ಎಲ್ಲರ ಫೋನಿಗೂ ಒಂದು ವಿಡಿಯೋ ಬಂತು. ಯಾರೋ ಒಬ್ಬ ನೀರಿನ ಟ್ಯಾಂಕಿಗೆ ಬಿಳಿ ಪುಡಿ ಸುರಿಯುತ್ತಿದ್ದಾನೆ. ಕೆಳಗೆ 'ನಿಮ್ಮ ನೀರಿಗೆ ವಿಷ' ಎಂಬ ಬರಹ. ಮುಖ ಕಾಣದು. ಆದರೂ ಎಲ್ಲರ ಕಣ್ಣು ನಮ್ಮ ಟ್ಯಾಂಕ್ ಕಾಯುವವನ ಮೇಲೆ ಬಿತ್ತು. ಮೊದಲೇ ಮಾತು ಕಡಿಮೆಯ ಆಸಾಮಿ. ಬಾಯಿ ಬಿಡದವನ ಹೊಟ್ಟೆಯಲ್ಲಿ ಏನಿದೆಯೋ ಎಂದರು. ಸಂಜೆ ಟ್ಯಾಂಕಿನ ಹತ್ತಿರ ಸೇರಿ ಅವನನ್ನು ಕೆಲಸ ಬಿಡಿಸುವುದೆಂದಾಯಿತು.

ಸೊಸೆ ತರಗತಿಯಲ್ಲಿ, "ಆ ವಿಡಿಯೋ ನಮ್ಮ ಟ್ಯಾಂಕಿನದ್ದಲ್ಲ. ಮನೇಲಿ ಹೇಳಿ," ಎಂದಳು.

ಮುಂದಿನ ಬೆಂಚಿನ ಹುಡುಗಿ ನಕ್ಕಳು. "ಈ ವಾರದ ಸುಳ್ಳು ಇದೇ ಅಲ್ವಾ ಮಿಸ್?"

"ಅಲ್ಲ ಕಣೇ, ಇದು ನಿಜ."

"ಸುಳ್ಳು ಹೇಳೋವಾಗ್ಲೂ ಹೀಗೇ ಹೇಳ್ತೀರ."

ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದಿದ್ದಳು. ಸೀಮೆಸುಣ್ಣ ಕೆಳಗಿಟ್ಟು, "ಸರಿ, ನನ್ನನ್ನ ನಂಬಬೇಡಿ. ಟ್ಯಾಂಕಿಗೇ ಹೋಗಿ ನನ್ನ ಸುಳ್ಳು ಹಿಡೀರಿ," ಎಂದಳು.

ಸಂಜೆ ದೊಡ್ಡವರು ಬರುವಷ್ಟರಲ್ಲಿ ಮಕ್ಕಳು ಫೋನಿನಲ್ಲಿ ಆ ವಿಡಿಯೋ ನೋಡುತ್ತ ಟ್ಯಾಂಕಿನ ಸುತ್ತ ತಿರುಗುತ್ತಿದ್ದರು. ಅದೇ ಹುಡುಗಿ ಕಿರಾಣಿ ಅಂಗಡಿಯವನನ್ನು ತಡೆದಳು.

"ಅಂಕಲ್, ಇದ್ರಲ್ಲಿ ಕಬ್ಬಿಣದ ಏಣಿ ಇದೆ. ನಮ್ಮದಕ್ಕೆ ಸಿಮೆಂಟ್ ಮೆಟ್ಟಿಲು. ಏಣಿ ಎಲ್ಲಿ ಹೋಯ್ತು?"

"ಕಿತ್ತು ಹಾಕಿರ್ತಾನೆ."

"ಕಿತ್ತ ಗುರುತು ತೋರಿಸಿ."

ಎಲ್ಲರೂ ಗೋಡೆ ತಡವಿದರು. ಗುರುತಿಲ್ಲ. ಒಬ್ಬೊಬ್ಬರಿಗೂ ಮನೆಯಲ್ಲಿ ಕೆಲಸ ನೆನಪಾಯಿತು.

ಕಾವಲುಗಾರನ ಕೆಲಸ ಉಳಿಯಿತು. ಮರುದಿನ ನಾನು ಅವನಿಗೊಂದು ಲೋಟ ಟೀ ಒಯ್ದೆ. ಅವನು ಲೋಟ ನೋಡಿದ, ನನ್ನ ಮುಖ ನೋಡಿದ.

"ಮೊದ್ಲು ನೀವೊಂದು ಗುಟುಕು ಕುಡೀರಿ, ಅಜ್ಜ."

ಕುಡಿದೆ. ಅವನು ಇನ್ನೂ ಸ್ವಲ್ಪ ಹೊತ್ತು ನನ್ನನ್ನೇ ನೋಡುತ್ತಾ ಕುಳಿತ.