ಹೆಪ್ಪು ಕೊಂದ ಮಾವ

ಮೊಮ್ಮಗುವಿನ ಆಸೆಗೆ ಬಿದ್ದು ನಾನು ಮಾಡಿದ ತಪ್ಪನ್ನು ಬರೆದಿಡುತ್ತಿದ್ದೇನೆ. ಓದಿದ್ದು ಎಸ್ಸೆಸ್ಸೆಲ್ಸಿ. ಸಂತಾನೋತ್ಪತ್ತಿಯ ಪಾಠ ಬಂದಾಗ ನಮ್ಮ ಮಾಸ್ತರರು "ಇದನ್ನ ಮನ್ಯಾಗ ಓದ್ಕೊಳ್ರಿ" ಎಂದು ಪುಟ ತಿರುವಿದ್ದರು. ನಾನು ಮನೆಯಲ್ಲೂ ಓದಲಿಲ್ಲ.

ಅಥಣಿ ತಾಲೂಕಿನಲ್ಲಿ ನಮ್ಮದು ದ್ರಾಕ್ಷಿ ತೋಟ. ದ್ರಾಕ್ಷಿ ಬೆಳೆಯುವವನಿಗೆ ಗೊತ್ತಿರುವುದು ಒಂದೇ: ಕಣ್ಣಿಗೆ ಕಾಣದ್ದು ಏನೇ ಇರಲಿ, ಔಷಧ ಹೊಡೆ. ಮೋಡ ಕವಿದರೆ ಹೊಡೆ, ಮಂಜು ಬಿದ್ದರೆ ಹೊಡೆ. ಮದುವೆಯಾಗಿ ಆರು ವರ್ಷವಾದರೂ ಸೊಸೆಗೆ ಮಕ್ಕಳಾಗಲಿಲ್ಲ. ಮಿರಜದ ಡಾಕ್ಟರಮ್ಮ ಹೊರಗೆ ಭ್ರೂಣ ಬೆಳೆಸಿ ಗರ್ಭದಲ್ಲಿ ಇಡುತ್ತೇವೆ ಎಂದಾಗ ನನಗೆ ತೋಟವೇ ನೆನಪಾಯಿತು. ಸಸಿ ನೆಡುವ ಮೊದಲು ನೆಲ ಶುದ್ಧ ಮಾಡಬೇಡವೇ? ಔಷಧ ಅಂಗಡಿಯಲ್ಲಿ ತಲೆ ತಗ್ಗಿಸಿ ಕೇಳಿ, ಹೆಂಗಸರು ಒಳಗೆ ತೊಳೆದುಕೊಳ್ಳುವ, ಜಂತು ಸಾಯಿಸುವ ಒಂದು ಬಾಟಲಿಯನ್ನು ಪೇಪರಿನಲ್ಲಿ ಸುತ್ತಿಸಿ ತಂದೆ. ಹೆಂಡತಿಯ ಕೈಗಿಟ್ಟೆ.

"ದಿನಾ ಎರಡ ಸಲ ತೊಳಕೊಳ್ಳಾಕ ಹೇಳು ಆಕಿಗೆ."

"ಹೆಂಗಸರ ಉಸಾಬರಿ ನಿಮಗ್ಯಾಕ್ರಿ?"

"ನಾ ತಂದೇನಂತ ಮಾತ್ರ ಹೇಳಬ್ಯಾಡ."

ತಾನೇ ತಂದದ್ದೆಂದು ಹೇಳಿ ಕೊಟ್ಟಳು. ಅತ್ತೆಯ ಮಾತೆಂದು ಸೊಸೆ ಒಂದೂವರೆ ತಿಂಗಳು ತೊಳೆದುಕೊಂಡಳು. ಆಮೇಲೆ ಮಿರಜದಲ್ಲಿ ಇಟ್ಟ ಭ್ರೂಣ ನಿಲ್ಲಲಿಲ್ಲ.

ಏನೇನೋ ಪರೀಕ್ಷೆ ಮಾಡಿದ ಡಾಕ್ಟರಮ್ಮ ನಮ್ಮನ್ನೆಲ್ಲ ಒಳಗೆ ಕರೆದರು. "ಅಜ್ಜಾರ, ಮನ್ಯಾಗ ಮೊಸರ ಮಾಡ್ತೀರಲ್ಲ? ಛಲೋ ಹೆಪ್ಪು ಬಿದ್ರ ಹಾಲು ಮೊಸರಾಕ್ಕೈತಿ, ಕೆಟ್ಟ ನಾರೂದಿಲ್ಲ. ಹೆಣ್ಮಕ್ಕಳ ಒಳಗೂ ಅಂಥಾದ್ದ ಒಂದ ಹೆಪ್ಪು ಇರತೈತಿ. ಹುಳಿ ಮಾಡಿ ಕೆಟ್ಟ ಜಂತು ಬರದಂಗ ಕಾಯತೈತಿ. ನಿಮ್ಮ ಸೊಸಿದು ಪೂರಾ ಸತ್ತ ಹೋಗೇತಿ. ಏನರ ಹಾಕಿ ತೊಳೀತಿದ್ರೇನು?"

ಹೆಂಡತಿ ನನ್ನನ್ನು ನೋಡಿದಳು. ನಾನು ಫ್ಯಾನ್ ನೋಡಿದೆ. ಅತ್ತೆಯ ಮರ್ಯಾದೆ ಕಾಯಲು ಸೊಸೆ, "ನಾನ ತಂದ ತೊಳಕೊಂಡೆನ್ರಿ" ಎಂದಳು. ಇದೊಂದರಿಂದಲೇ ಹೀಗಾಯಿತು ಎನ್ನಲು ಬರುವುದಿಲ್ಲ, ಚಿಕಿತ್ಸೆ ಕೊಟ್ಟು ಇನ್ನೊಂದು ಭ್ರೂಣ ಇಡೋಣ ಎಂದರು ಡಾಕ್ಟರಮ್ಮ.

ಅಲ್ಲಿಯೇ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಬದಲಿಗೆ ಆ 'ಹೆಪ್ಪು' ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮನೆಯಲ್ಲಿ ಎರಡು ಎಮ್ಮೆ. ಸೊಸೆಗೆ ಹೊತ್ತಿಗೊಂದು ತಂಬಿಗೆ ಮೊಸರು ಎಂದು ಹೆಂಡತಿಯ ಮೂಲಕ ಅಪ್ಪಣೆ ಮಾಡಿದೆ. ಎಂಟು ದಿನಕ್ಕೆ ಹುಡುಗಿಗೆ ನೆಗಡಿ. ಹೆಂಡತಿ ಫೋನಿನಲ್ಲಿ ಮೊಸರಿನ ಸಂಗತಿ ಹೇಳಿದಾಗ ಡಾಕ್ಟರಮ್ಮ ನಕ್ಕದ್ದು ಪಡಸಾಲೆಗೂ ಕೇಳಿಸಿತು: "ಅರೇ ದೇವಾ! ಮೊಸರಿನ ಹೆಪ್ಪು ಇದರ ದಾಯಾದಿ ಅಷ್ಟರಿ. ಉಂಡದ್ದು ಅಲ್ಲಿ ಹೋಗಿ ಕೂಡೂದಿಲ್ಲ!"

ಅಷ್ಟರಲ್ಲಿ ಯಡೂರಿಗೆ ಕೊಟ್ಟ ನನ್ನ ಅಕ್ಕ ಬಂದಳು. ಸುದ್ದಿ ಕೇಳಿ ಚೀಲ ಕೆಳಗಿಡುವ ಮೊದಲೇ ಸೊಸೆಗೆ, "ಭಾಳ ಶ್ಯಾಣ್ಯಾಕಿ ಬೇ ನೀ. ಕೈಯಾರ ಕೂಸ ತೊಳಕೊಂಡಿ" ಎಂದಳು. ಮಗ ಚಪ್ಪಲಿ ಮೆಟ್ಟಿ ತೋಟಕ್ಕೆ ನಡೆದ. ಸಂಜೆ ಸೊಸೆ ನನ್ನ ಹೆಂಡತಿಗೆ ಹೇಳಿದಳು: "ನಾ ಇನ್ನ ಮಿರಜಕ್ಕ ಬರೂದಿಲ್ರಿ. ಮತ್ತ ನಿಲ್ಲದಿದ್ರ ಈ ಮಾತ ಮತ್ತ ಕೇಳೂ ತ್ರಾಣ ನನಗಿಲ್ಲ."

ಮಾವ ಸೊಸೆ ಎದುರೆದುರು ಮಾತಾಡುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ. ಚಹಾ ಬೇಕಾದರೂ ನಾನು ಗಾಳಿಗೆ ಹೇಳುತ್ತಿದ್ದೆ, ಚಹಾ ಬರುತ್ತಿತ್ತು. ಮರುದಿನ ಬೆಳಿಗ್ಗೆ ಸೊಸೆ ಹಾಲು ಹಿಂಡುತ್ತಿದ್ದಾಗ ಹೋಗಿ, ಇನ್ನೊಂದು ಎಮ್ಮೆಯ ಮುಂದೆ ನಿಂತು ಅದರ ಮುಖಕ್ಕೇ ಹೇಳಿದೆ: "ಆ ಬಾಟ್ಲಿ ತಂದಾಂವ ನಾನು. ಅತ್ತಿ ಅಲ್ಲ. ತ್ವಾಟಕ್ಕ ಹೊಡದಂಗ ಹೊಡಿಸಿದೆ. ತಪ್ಪಾತು."

ಎಮ್ಮೆ ಕಿವಿ ಆಡಿಸಿತು. ಹಾಲಿನ ಸದ್ದು ನಿಂತಿತು. ಆರು ವರ್ಷದಲ್ಲಿ ಮೊದಲ ಸಲ ಸೊಸೆ ನನ್ನನ್ನು ಕುರಿತೇ ಮಾತಾಡಿದಳು.

"ಮಾವಾರ, ಎಮ್ಮಿಗೆ ಯಾಕ ಹೇಳ್ತೀರಿ? ಅದೇನ ನನ್ನ ಬೈದಿಲ್ಲ. ಬೈದಾರು ಒಳಗ ಅದಾರ, ಅವ್ರಿಗೆ ಹೇಳ್ರಿ."

ಹೋಗಿ ಹೇಳಿದೆ. ಮಗ ತಲೆ ತಗ್ಗಿಸಿದ. ಅಕ್ಕ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟಳು. "ದ್ರಾಕ್ಷಿ ಯಾವದು, ಹೆಂಗಸು ಯಾವದು ಗೊತ್ತಾಗಲಿಲ್ಲೇನಲೇ ನಿನಗ?" ಎಂದು ಶುರು ಮಾಡಿದವಳು ರೊಟ್ಟಿ ಆರಿ ಗಟ್ಟಿಯಾಗುವವರೆಗೆ ನಿಲ್ಲಿಸಲಿಲ್ಲ. ಆಮೇಲೆ ಸೊಸೆಯ ಕೈ ಹಿಡಿದು, "ನಂದೂ ತಪ್ಪಾತವಾ" ಎಂದಳು. ಬಾಗಿಲಲ್ಲಿ ನಿಂತು ನನಗೆ ಬಿದ್ದ ಬೈಗಳನ್ನು ಒಂದೂ ಬಿಡದೆ ಕೇಳಿದ್ದ ಸೊಸೆ, "ಸೋಮವಾರ ಮಿರಜಕ್ಕ ಹೋಗೂದೈತಿ. ಗಾಡಿ ತಗೀರಿ, ಮಾವಾರ" ಎಂದಳು.

ಹೆಪ್ಪು ಮತ್ತೆ ಹಿಡಿದಿದೆ ಎಂದು ಪರೀಕ್ಷೆಯಲ್ಲಿ ಕಂಡ ಮೇಲೆ ಎರಡನೆಯ ಭ್ರೂಣ ಇಟ್ಟರು. ಈ ಸಲ ನಿಂತಿತು. ನನ್ನ ಬಾಟಲಿ ತಪ್ಪಿದ್ದಕ್ಕೋ, ಚಿಕಿತ್ಸೆಗೋ, ಬರೀ ದೈವಕ್ಕೋ, ಡಾಕ್ಟರಮ್ಮ ಆಣೆ ಮಾಡಿ ಹೇಳಲಿಲ್ಲ. ದವಾಖಾನೆಯ ಮೆಟ್ಟಿಲ ಮೇಲೆಯೇ ಸೊಸೆ ನನಗೆ ಬೆರಳು ತೋರಿಸಿ ತಾಕೀತು ಮಾಡಿದಳು: "ಹೆರಿಗಿ ಆಗೂತನಕ ಕೊತ್ತಂಬ್ರಿ ತರಬೇಕಾದ್ರೂ ನನ್ನ ಕೇಳೇ ತರಬೇಕ ನೋಡ್ರಿ."

ಕೇಳಿಯೇ ತರುತ್ತಿದ್ದೇನೆ.